ಜಾಣಮರೆವು

ಕಾಗದ ಮೊದಲು ಅವಳ ಮನೆಗೇ ಹೋಗುತ್ತದೆ, ನನಗಲ್ಲ.
ನಿಯಮ ಹಾಗಿದೆ.
ಲಕೋಟೆ ಒಡೆದು, ಓದಿ, ಬೇಕೆನಿಸಿದರೆ
ಬಸ್ಸು ಹತ್ತಿ ತಂದು ತೋರಿಸಬೇಕು;
ಬೇಡವೆನಿಸಿದರೆ ಒಲೆಗೆ ಹಾಕಿ
ಕೆಲಸದ ಆಸೆಯನ್ನೂ ಅದರ ಹಿಂದೆಯೇ ಹಾಕಬಹುದು.

ಏಳು ವರ್ಷದ ಹಿಂದೆ ತಂದಿದ್ದಳು.
ಗ್ಲೆಂಡಾ ಥರ್ಕೆಲ್, ಗ್ರಿಮ್ಸ್‌ಬಿ ಬಂದರಿನ ಹಿಂದಿನ ಓಣಿ,
ಮೀನಿಗೆ ಹೊಗೆ ಹಾಕುವ ಶೆಡ್ಡಿನಲ್ಲಿ ಇಪ್ಪತ್ತು ವರ್ಷ.
ಒಳ್ಳೆಯ ಕೋಟು ಹಾಕಿ ಬಂದಿದ್ದರೂ
ಹ್ಯಾಡಕ್ಕಿನ ಹೊಗೆ ಬಿಟ್ಟಿರಲಿಲ್ಲ ಅವಳನ್ನು.
ಮುದುಕರನ್ನು ನೋಡಿಕೊಳ್ಳುವ ಕೈ ಕಂಡೊಡನೆ ತಿಳಿಯುತ್ತದೆ:
ಮೇಜಿನ ಮೇಲೆ ನಾನು ಚೆಲ್ಲಿದ್ದ ಚಹಾವನ್ನು
ಯಾರೂ ಹೇಳದೆ ಒರೆಸಿತ್ತು ಅದು.

ಕಾಗದದಲ್ಲಿ ಎರಡು ಸಾಲು.
೧೯೮೪ ಮಾರ್ಚ್: ಕಳವು, ದಂಡ ಹದಿನೈದು ಪೌಂಡ್.
೧೯೮೪ ಏಪ್ರಿಲ್: ಕಳವು, ದಂಡ ಇಪ್ಪತ್ತೈದು.
ಏನು ಕದ್ದಳೆಂದು ಕಾಗದ ಹೇಳುವುದಿಲ್ಲ.
ಅವಳೇ ಹೇಳಿದಳು: ಹಾಲಿನ ಪುಡಿಯ ಡಬ್ಬಿ.
ಎರಡನೆಯ ಸಲ?
ಅದೇ. ತಿಂಗಳಾಯಿತು ಅಂತ ಮಗು ಹಾಲು ಬಿಡುತ್ತದಾ?

ಆಗಿನ ಲೆಕ್ಕ ಹೀಗಿತ್ತು:
ಇಂಥ ತಪ್ಪು ಒಂದೇ ಆಗಿದ್ದು, ಜೈಲು ಕಾಣದಿದ್ದರೆ
ಹನ್ನೊಂದು ವರ್ಷಕ್ಕೆ ಕಾಗದದಿಂದ ಇಳಿದು ಹೋಗುತ್ತಿತ್ತು.
ಎರಡಾದರೆ ಎರಡೂ ಉಳಿಯುತ್ತಿದ್ದವು.
ಒಂದು ಡಬ್ಬಿಗೆ ಎಳ್ಳುನೀರು,
ಎರಡು ಡಬ್ಬಿಗೆ ಶಿಲಾಶಾಸನ.

ಆ ವಾರವೇ ಒಂಬತ್ತನೆಯ ಕೋಣೆಯ ಅಜ್ಜಿಯ ಉಂಗುರ ಕಾಣೆಯಾಗಿತ್ತು.
(ಆಮೇಲೆ ಸಿಕ್ಕಿತು, ಸೋಪಿನ ತಟ್ಟೆಯಲ್ಲಿ.)
‘ವಿಷಾದಿಸುತ್ತೇವೆ’ ಎಂದು ಬರೆದೆ. ಅಚ್ಚಾದ ಪತ್ರ, ಸಹಿ ಮಾತ್ರ ನನ್ನದು.
ಕಾನೂನಿನ ಕೈಕಟ್ಟು, ಎಂದು ಹೆಂಡತಿಗೆ ಹೇಳಿದೆ ರಾತ್ರಿ.
ಸುಳ್ಳು.
ತೋರಿಸು ಎಂದಷ್ಟೇ ಅಂದಿತ್ತು ಕಾನೂನು.
ಬೇಡ ಅಂದವನು ನಾನು.

ನಂತರ ಲಂಡನ್ನಿನಲ್ಲಿ ಯಾರ್ಯಾರೋ ವರ್ಷಗಟ್ಟಲೆ ವಾದಿಸಿ,
ನವೆಂಬರಿನ ಒಂದು ದಿನ
ಆ ಎರಡರ ಲೆಕ್ಕವನ್ನು ಹೊಡೆದುಹಾಕಿದರು.
ನಮಗೆ ಅದನ್ನು ಓದಲು ಪುರುಸೊತ್ತಿರಲಿಲ್ಲ.
ಕಾಯಿಲೆ ಬಂದು ಒಂಬತ್ತು ಹಾಸಿಗೆ ಖಾಲಿಯಾಗಿದ್ದವು,
ಕೆಲಸದವರಲ್ಲಿ ಆರು ಮಂದಿ ತಿರುಗಿ ಬಂದಿರಲಿಲ್ಲ.

ಫೆಬ್ರವರಿ. ಹಂಬರ್ ನದಿಯ ಬಾಯಲ್ಲಿ ನೀರು ಹಿಂದೆ ಸರಿದು
ಮೈಲುಗಟ್ಟಲೆ ಕೆಸರು.
ಅವಳು ಬಂದಳು, ಮಾಸ್ಕಿನ ಮೇಲೆ ಎರಡು ಕಣ್ಣು.
ಕಾಗದ ಬಿಡಿಸಿಟ್ಟಳು.
ಯಾವುದೂ ದಾಖಲಾಗಿಲ್ಲ.
ಆ ಕೆಳಗೂ: ಯಾವುದೂ ದಾಖಲಾಗಿಲ್ಲ.

ಈಗ ನಾನೇನು ಮಾಡಲಿ?
ಕಾಗದಕ್ಕೆ ಜರಡಿ ಹಿಡಿದರು, ನನ್ನ ತಲೆಗೆ ಹಿಡಿದವರಿಲ್ಲ.
ಹದಿನೈದು, ಇಪ್ಪತ್ತೈದು, ಡಬ್ಬಿ, ಮಗು,
ಎಲ್ಲ ಇದ್ದಲ್ಲೇ ಇವೆ.
ಕೇಳಕೂಡದು ಎಂಬುದು ನಿಯಮ.
ತಿಳಿದಿರಕೂಡದು ಎಂದು ಯಾವ ನಿಯಮ ಬರೆಯಲಾದೀತು?

‘ನನ್ನ ನೆನಪಿದೆಯಾ, ಮಿಸ್ಟರ್ ಬ್ರಾಕಲ್ಸ್‌ಬಿ?’

‘ಇಲ್ಲ. ಇವತ್ತೇ ನೋಡುತ್ತಿರುವುದು.’

ಅವಳು ಕೋಣೆಯನ್ನು ಒಂದು ಸುತ್ತು ನೋಡಿದಳು.
‘ಮೇಜು ಆಗ ಕಿಟಕಿಯ ಹತ್ತಿರ ಇತ್ತು,’ ಅಂದಳು.

ಸೋಮವಾರ ಏಳಕ್ಕೆ ಬನ್ನಿ ಎಂದೆ. ತಲೆಯಾಡಿಸಿ ಹೋದಳು,
ಕುರ್ಚಿಯನ್ನು ಒಳಕ್ಕೆ ತಳ್ಳಿ.

ಸಂಜೆ ಬೀರು ತೆಗೆದೆ.
ಆರು ತಿಂಗಳೊಳಗೆ ಹರಿದುಹಾಕಬೇಕಿದ್ದ ಹಳೆಯ ನಕಲು
ಏಳು ವರ್ಷದಿಂದ ಅಲ್ಲೇ ಕೂತಿತ್ತು, ನೀಲಿ ಫೈಲಿನಲ್ಲಿ,
ನಾನು ಮಾಡಿದ ತಪ್ಪು, ಯಾರ ಕಾಗದಕ್ಕೂ ಏರದ್ದು.
ಯಂತ್ರದ ಬಾಯಿಗೆ ಕೊಟ್ಟೆ.
ಬುಟ್ಟಿಯ ಮೇಲೆ ಬಿದ್ದ ಒಂದು ಚೂರಿನಲ್ಲಿ
‘ಏಪ್ರಿ’ ಎಂಬಷ್ಟು ಇನ್ನೂ ಓದಲು ಬರುತ್ತಿತ್ತು.
ಅದನ್ನು ಕೈಯಲ್ಲೇ ಹರಿದೆ.